ಲಕೋಟೆಯೊಳಗಿನ ದಿನಾಂಕ: ತೇಜಸ್ ಒಪ್ಪಂದದ ಬೆನ್ನು ಹಿಡಿದ ನನ್ನ ಅನುಭವ

ಲಕೋಟೆ ಒಡೆದದ್ದು 2025ರ ಏಪ್ರಿಲ್ ಮೊದಲ ವಾರದಲ್ಲಿ. ಜಯನಗರದ ಒಂದು ಹೋಟೆಲಿನ ಮಹಡಿಯಲ್ಲಿ ನಾವು ನಾಲ್ವರು ನಿವೃತ್ತ ಆಡಿಟ್ ಅಧಿಕಾರಿಗಳು ಕೂತಿದ್ದೆವು. ಲಕೋಟೆಯನ್ನು ಹದಿನೆಂಟು ತಿಂಗಳು ತನ್ನ ಬೀರುವಿನಲ್ಲಿ ಕಾಪಾಡಿದ್ದ ಗೆಳೆಯನೇ ಅದನ್ನು ಒಡೆದು ಓದಿದ. ಒಳಗಿದ್ದ ಚೀಟಿಯಲ್ಲಿ ಮೂರು ಸಾಲುಗಳಿದ್ದವು. ಮೊದಲ ತೇಜಸ್ ಮಾರ್ಕ್ 1ಎ ಯುದ್ಧ ವಿಮಾನ 2024ರ ಮಾರ್ಚ್‌ನಲ್ಲಿ ವಾಯುಪಡೆಯ ಕೈಸೇರುವುದಿಲ್ಲ. 2025ರ ಮಾರ್ಚ್ ಮುಗಿದರೂ ಸೇರುವುದಿಲ್ಲ. ಕಾರಣ ಎಂಜಿನ್. ಕೆಳಗೆ ನನ್ನ ಸಹಿ, 2023ರ ಸೆಪ್ಟೆಂಬರ್‌ನ ತಾರೀಖು.

ಓದಿ ಮುಗಿಸಿದ ಗೆಳೆಯ, "ಸ್ವಾಮಿ, ಕಡತ ನೋಡದೆ ಆಡಿಟ್ ಆಗುವುದಿಲ್ಲ ಎಂದು ನಿಮಗೆ ನಾನೇ ಹೇಳಿದ್ದೆ. ಆ ಮಾತು ವಾಪಸ್" ಎಂದು ಕೈ ಕುಲುಕಿದ. ಆ ಮಾತಿಗಾಗಿ ನಾನು ಸುಮಾರು ನಾಲ್ಕು ವರ್ಷ ಕಾದಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಸೇವೆಯಲ್ಲಿದ್ದಾಗ ರಕ್ಷಣಾ ಖರೀದಿಯ ಕಡತಗಳನ್ನು ಹದಿಮೂರು ಹದಿನಾಲ್ಕು ವರ್ಷ ನೋಡಿದವನು. ಆ ದಿನಗಳ ಒಂದು ಸೋಲು ಇಂದಿಗೂ ಚುಚ್ಚುತ್ತದೆ. ಒಂದು ಬಿಡಿಭಾಗ ಒಪ್ಪಂದದ ವಿಳಂಬದ ಮೇಲೆ ಗಟ್ಟಿಯಾದ ಆಡಿಟ್ ಆಕ್ಷೇಪದ ಪ್ಯಾರಾ ಬರೆದಿದ್ದೆ. ಸಂಬಂಧಪಟ್ಟ ಕಚೇರಿ, ಕೆಲಸ ಶೇ 82ರಷ್ಟು ಮುಗಿದಿದೆ ಎಂದು ಉತ್ತರ ಕೊಟ್ಟಿತು. ಮೇಲಿನವರು ಆ ಉತ್ತರವನ್ನು ಒಪ್ಪಿಕೊಂಡರು, ಪ್ಯಾರಾ ಬಿದ್ದುಹೋಯಿತು. ಎರಡು ವರ್ಷಗಳ ನಂತರವೂ ಆ ಕೆಲಸ ಶೇ 82ರ ಆಸುಪಾಸಿನಲ್ಲೇ ನಿಂತಿತ್ತು. ಉಳಿದ ಶೇ 18ರಲ್ಲಿ ಹೊರದೇಶದಿಂದ ಬರಬೇಕಾದ ಒಂದೇ ಒಂದು ಭಾಗ ಇತ್ತು, ಅದಿಲ್ಲದೆ ಮಿಕ್ಕದ್ದೆಲ್ಲ ಗೋದಾಮಿನ ಸರಕು. ಶೇಕಡಾವಾರು ಪ್ರಗತಿಯನ್ನು ನಾನು ನಂಬುವುದನ್ನು ಬಿಟ್ಟದ್ದು ಅಂದು.

2021ರ ಫೆಬ್ರವರಿ 3ರಂದು ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ, ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ಜೊತೆ 83 ತೇಜಸ್‌ಗಳ ಒಪ್ಪಂದವಾಯಿತು. 73 ಯುದ್ಧ ವಿಮಾನ, 10 ತರಬೇತಿ ವಿಮಾನ. ಸಂಪುಟ ಸಮಿತಿ ಒಪ್ಪಿದ್ದು 45,696 ಕೋಟಿ ರೂಪಾಯಿ, ಮೂಲಸೌಕರ್ಯಕ್ಕೆ ಬೇರೆಯಾಗಿ 1,200 ಕೋಟಿ ಚಿಲ್ಲರೆ; ಪತ್ರಿಕೆಗಳು 48,000 ಕೋಟಿ ಎಂದು ಬರೆದವು. ಮೂವತ್ತಾರು ತಿಂಗಳಲ್ಲಿ ಮೊದಲ ವಿಮಾನ ಬರಬೇಕು, ಆಮೇಲೆ ವರ್ಷಕ್ಕೆ ಹದಿನಾರು. ಆ ಸಂಜೆಯೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ "2024 ಮಾರ್ಚ್" ಎಂದು ಬರೆದಿಟ್ಟೆ.

ನಂತರದ ಒಂದೂವರೆ ವರ್ಷ ಮಾಡಿದ್ದೆಲ್ಲ ತಪ್ಪು. ಆ ತಪ್ಪುಗಳಿಗೆ ಕೊಟ್ಟ ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ.

ಮೊದಲ ತಪ್ಪು, ಬೆಲೆಯ ಹಿಂದೆ ಹೋದದ್ದು. ಆಡಿಟ್‌ನವರಿಗೆ ಇದು ಹುಟ್ಟುಗುಣ. ಮಾಹಿತಿ ಹಕ್ಕಿನಡಿ ಹನ್ನೊಂದು ಅರ್ಜಿ ಹಾಕಿದೆ. ಒಪ್ಪಂದದ ಪ್ರತಿ, ಪಾವತಿ ಹಂತಗಳ ಪಟ್ಟಿ, ಬೆಲೆ ಏರಿಕೆಯ ಸೂತ್ರ, ಎಲ್ಲವನ್ನೂ ಕೇಳಿದೆ. ದೇಶದ ಭದ್ರತೆ, ವ್ಯಾಪಾರದ ಗುಟ್ಟು ಎಂದು ಉತ್ತರ ನಿರಾಕರಿಸಲು ಬಿಡುವ ಎಂಟು (1) (ಎ), ಎಂಟು (1) (ಡಿ) ಎಂಬ ಎರಡೇ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದರು. ಎರಡು ಅರ್ಜಿಗಳು ವರ್ಗಾವಣೆಯ ಕಲಮು ಆರು (3)ರ ಅಡಿಯಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು, ಹೊರಟಲ್ಲಿಗೇ ಬಂದವು. ವಿನ್ಯಾಸದ ಕಡೆಯ ಪ್ರಶ್ನೆಗಳಿಗೆ, ಕೆಲವು ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡುವ ಇಪ್ಪತ್ತನಾಲ್ಕನೇ ಕಲಮು ಅಡ್ಡ ನಿಂತಿತು, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಆ ಪಟ್ಟಿಯಲ್ಲಿದೆ. ಎರಡನೇ ಮೇಲ್ಮನವಿ ಬರೆಸಲು ಒಬ್ಬ ವಕೀಲರಿಗೆ 15,000 ಕೊಟ್ಟೆ, ಅದೂ ವಜಾ. ಅಂಚೆ, ನಕಲು, ಪೋಸ್ಟಲ್ ಆರ್ಡರ್ ಎಲ್ಲ ಸೇರಿ ಇನ್ನೊಂದು ನಾಲ್ಕೂವರೆ ಸಾವಿರ.

ಆದರೂ ಆ ಹನ್ನೊಂದರಲ್ಲಿ ಒಂದು ನನ್ನನ್ನು ಉಳಿಸಿತು. ಒಂದು ಕಚೇರಿಯ ಮಾಹಿತಿ ಅಧಿಕಾರಿ, "ಕೇಳಿದ ಮಾಹಿತಿ ಪ್ರಕಟಿತ ವಾರ್ಷಿಕ ವರದಿಯಲ್ಲಿ ಲಭ್ಯ" ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದರು. ಸಿಟ್ಟು ಬಂತು. ಸಿಟ್ಟಿನಲ್ಲೇ ವರದಿ ಇಳಿಸಿಕೊಂಡು ಓದಿದೆ. 2018ರಲ್ಲಿ ಎಚ್‌ಎಎಲ್ ಷೇರುಪೇಟೆಗೆ ಬಂದ ಮೇಲೆ ಹೂಡಿಕೆದಾರರಿಗೆ ಹೇಳಲೇಬೇಕಾದ ಸಂಗತಿಗಳು ಎಷ್ಟೊಂದಿವೆ ಎಂಬುದು ಅಂದು ಗೊತ್ತಾಯಿತು. ನಾಗರಿಕನಿಗೆ ಸಿಗದ ಉತ್ತರ ಒಂದು ಷೇರು ಹಿಡಿದವನಿಗೆ ಅಚ್ಚಾಗಿ ಸಿಗುತ್ತಿತ್ತು.

ಬೆಲೆಯ ಬೆನ್ನಟ್ಟುವುದನ್ನು ಬಿಡಲು ಫ್ರಾನ್ಸ್‌ನ ರಫೇಲ್ ಯುದ್ಧ ವಿಮಾನಗಳ ಖರೀದಿಯ ವರದಿಯೂ ಕಾರಣ. 2019ರ ಆ ಸಿಎಜಿ (ಸರ್ಕಾರದ ಲೆಕ್ಕ ತಪಾಸಿಸುವ ಮಹಾಲೇಖಪಾಲರ) ವರದಿಯನ್ನು ಮತ್ತೆ ತೆಗೆದು ಕೂತೆ. 36 ವಿಮಾನಗಳ ಒಪ್ಪಂದ ಹಳೆಯ ಪ್ರಸ್ತಾವಕ್ಕಿಂತ ಶೇ 2.86ರಷ್ಟು ಅಗ್ಗ ಎಂಬ ತೀರ್ಮಾನ ಅದರಲ್ಲಿದೆ, ಆದರೆ ಬೆಲೆಯ ಅಂಕಿಗಳನ್ನು ಮರೆಮಾಡಿ ಮುದ್ರಿಸಿದ್ದಾರೆ. ಸಿಎಜಿಯೇ ಬೆಲೆಯನ್ನು ಬಿಚ್ಚಿಡಲಾಗದ ಕಡೆ ನಾನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನಲ್ಲಿ ಏನು ಬಿಚ್ಚಿಸುತ್ತೇನೆ? ಬೆಲೆಯನ್ನು ಮುಚ್ಚಿಡಬಹುದು, ದಿನಾಂಕವನ್ನು ಮುಚ್ಚಿಡಲಾಗುವುದಿಲ್ಲ. ಬರಬೇಕಾದ ವಿಮಾನ ಬಂದರೆ ಹತ್ತು ಜನ ಫೋಟೊ ತೆಗೆಯುತ್ತಾರೆ, ಬಾರದಿದ್ದರೆ ಅದೂ ಎಲ್ಲರಿಗೂ ಕಾಣುತ್ತದೆ.

ಎರಡನೇ ತಪ್ಪು ದುಬಾರಿಯದು. ಆಮದು ದತ್ತಾಂಶ ಮಾರುವ ಒಂದು ಸಂಸ್ಥೆಗೆ ವರ್ಷದ ಚಂದಾ ಕಟ್ಟಿದೆ, 42,000 ರೂಪಾಯಿ. ಟರ್ಬೊಜೆಟ್ ಎಂಜಿನ್‌ಗಳ ಸುಂಕದ ಸಂಕೇತ 8411ರಲ್ಲಿ ಬರುತ್ತದೆ. ಅಮೆರಿಕದಿಂದ ಬಂದ ಪೆಟ್ಟಿಗೆಗಳನ್ನು ಎಣಿಸಿದರೆ ಎಂಜಿನ್ ಬಂತೋ ಇಲ್ಲವೋ ತಿಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ತೆರೆದು ನೋಡಿದರೆ ನಾಗರಿಕ ವಿಮಾನಯಾನ ಕಂಪನಿಗಳ ಎಂಜಿನ್‌ಗಳ ಪ್ರವಾಹ. ದುರಸ್ತಿಗೆ ಹೋಗಿ ಮರಳಿದವು, ಬಾಡಿಗೆಗೆ ಬಂದವು, ಬಿಡಿಭಾಗ ಎಂದು ಬರೆದ ಇಡೀ ಎಂಜಿನ್‌ಗಳು. ಮಗಳು ಎರಡು ಭಾನುವಾರ ಕೂತು ಸೋಸಿಕೊಟ್ಟಳು. ನನಗೆ ಬೇಕಾದ ಒಂದು ಸಾಲೂ ಸಿಗಲಿಲ್ಲ. ಯಾರೂ ಆ ಹಾದಿ ಹಿಡಿಯಬೇಡಿ.

ಎಚ್‌ಎಎಲ್ ಪಕ್ಕದ ವಿಮಾನಪುರದ ಕಡೆ ಮನೆಯಿರುವ ಪರಿಚಿತರೊಬ್ಬರು, ಮಹಡಿಯ ಮೇಲೆ ನಿಂತು ಹಾರಾಟ ಎಣಿಸೋಣ ಎಂದರು. ಒಂದೇ ದಿನ ಹೋಗಿ ನಿಂತೆ, ಮನಸ್ಸು ಒಪ್ಪಲಿಲ್ಲ. ಸೇನೆಯ ಚಲನವಲನವನ್ನು ದಾಖಲಿಸುವುದು ನನ್ನ ಕೆಲಸವಲ್ಲ, ಅದು ಕಾನೂನಿಗೂ ಸರಿಹೋಗದು. ಸರ್ಕಾರವೇ ಅಚ್ಚು ಹಾಕಿದ್ದರಿಂದ ಆಚೆಗೆ ಒಂದು ಅಕ್ಷರವನ್ನೂ ಬಳಸುವುದಿಲ್ಲ ಎಂದು ಅಂದೇ ನಿರ್ಧರಿಸಿದೆ. ಆ ಕಟ್ಟು ಹಾಕಿಕೊಂಡ ಮೇಲೆ ಕೆಲಸ ಚೊಕ್ಕವಾಯಿತು.

ಗೆದ್ದ ವಿಧಾನದಲ್ಲಿ ಇರುವುದು ಎರಡು ನೋಟ್‌ಬುಕ್, ಒಂದು ಹಿಮ್ಮುಖ ಎಣಿಕೆ.

ಮೊದಲ ನೋಟ್‌ಬುಕ್ಕಿಗೆ ನಾನು ಇಟ್ಟ ಹೆಸರು ಮಾತಿನ ಕಡತ. ಸಂಸತ್ತಿನಲ್ಲಿ ಕೊಟ್ಟ ಲಿಖಿತ ಉತ್ತರ, ಸ್ಥಾಯಿ ಸಮಿತಿಯ ವರದಿ, ಷೇರುಪೇಟೆಗೆ ಕೊಟ್ಟ ತಿಳಿವಳಿಕೆ, ಅಧಿಕಾರಿಗಳ ಸಂದರ್ಶನ, ಎಲ್ಲಿ ದಿನಾಂಕ ಬಂದರೂ ಎಡಗಡೆ ಆ ಮಾತು ಹೇಳಿದ ದಿನ, ಬಲಗಡೆ ಆ ಮಾತಿನಲ್ಲಿ ಕೊಟ್ಟ ದಿನಾಂಕ. ನಡುವೆ ಕ್ರಿಯಾಪದ. ಈ ನಡುವಿನ ಅಂಕಣವೇ ಬಂಗಾರ. "ಹಸ್ತಾಂತರಿಸಲಾಗುವುದು" ಎಂಬ ಅರ್ಥದ ಕ್ರಿಯಾಪದ ಮುಂದಿನ ಅಧಿವೇಶನದಲ್ಲಿ "ನಿರೀಕ್ಷಿಸಲಾಗಿದೆ" ಆಗುತ್ತದೆ, ಅದರ ಮುಂದಿನದರಲ್ಲಿ "ಎಲ್ಲ ಪ್ರಯತ್ನಗಳೂ ನಡೆದಿವೆ" ಆಗುತ್ತದೆ. ಯಾವ ಒಪ್ಪಂದದ ಉತ್ತರಗಳನ್ನು ಬೇಕಾದರೂ ಸಾಲಾಗಿ ಇಟ್ಟು ನೋಡಿ. ದಿನಾಂಕ ಬದಲಾಗುವ ಮುಂಚೆಯೇ ಕ್ರಿಯಾಪದ ಸಡಿಲವಾಗಿರುತ್ತದೆ. ಮೂರು ನಾಲ್ಕು ತಿಂಗಳು ಮೊದಲೇ ಎಂದು ನನ್ನ ಅಂದಾಜು.

ಎರಡನೆಯದು ದುಡ್ಡಿನದು. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಗಿರಾಕಿಗಳಿಂದ ಬಂದ ಮುಂಗಡ, ದಾಸ್ತಾನು, ವಿಳಂಬ ದಂಡಕ್ಕೆಂದು ತೆಗೆದಿಟ್ಟ ಮೊತ್ತ ಇರುತ್ತವೆ. ಅವು ಎಲ್ಲ ಒಪ್ಪಂದಗಳೂ ಸೇರಿದ ಮೊತ್ತಗಳಾದ್ದರಿಂದ ಒಂದೇ ವಿಮಾನದ ಕಥೆಯನ್ನು ಬಿಡಿಸುವುದು ಕಷ್ಟ. ಆದರೆ ಇವುಗಳಲ್ಲಿ ಎರಡು ಅಂಕಿಗಳ ಅನುಪಾತ ಹಿಡಿದು, ಸತತ ಮೂರು ವರ್ಷ ಹೋಲಿಸಿದರೆ ಒಂದು ಸೂಚನೆ ಸಿಗುತ್ತದೆ. ಯಾವ ಎರಡು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಹುಡುಕಲು ನನಗೆ ಏಳೆಂಟು ತಿಂಗಳು ಹಿಡಿಯಿತು. ಲೆಕ್ಕ ಬಲ್ಲವರು ಕೂತರೆ ಅವರಿಗೂ ಸಿಕ್ಕೀತು.

ಇನ್ನು ಹಿಮ್ಮುಖ ಎಣಿಕೆ. ವಿಮಾನ ಯಾವಾಗ ಬರುತ್ತದೆ ಎಂದು ಕೇಳಿದರೆ ಉತ್ತರಿಸುವವರಿಗೆ ಹೇಳಲು ನೂರು ಒಳ್ಳೆಯ ಸುದ್ದಿಗಳಿರುತ್ತವೆ. ಹೊಸ ಕಾರ್ಖಾನೆ ಸಿದ್ಧವಾಯಿತು, ರೆಕ್ಕೆ ಜೋಡಣೆಯಾಯಿತು, ರೇಡಾರ್ ಪರೀಕ್ಷೆಯಾಯಿತು. ಎಲ್ಲವೂ ನಿಜವೇ. ಆದ್ದರಿಂದ ವಿಮಾನವನ್ನು ಕೇಳಲೇಬಾರದು. ಅತಿ ನಿಧಾನವಾಗಿ ಬರುವ, ಬದಲಿಯೇ ಇಲ್ಲದ ಒಂದು ಭಾಗವನ್ನು ಹಿಡಿದು, ಅದು ಯಾವ ತಿಂಗಳೊಳಗೆ ಕೈಯಲ್ಲಿರಬೇಕು ಎಂದು ಕೊನೆಯಿಂದ ಎಣಿಸಬೇಕು.

ತೇಜಸ್ಸಿಗೆ ಅದು ಜನರಲ್ ಎಲೆಕ್ಟ್ರಿಕ್‌ನ ಎಫ್404-ಐಎನ್20 ಎಂಜಿನ್. 99 ಎಂಜಿನ್‌ಗಳಿಗೆ ಸುಮಾರು 5,375 ಕೋಟಿ ರೂಪಾಯಿಯ ಆದೇಶ ಹೋದದ್ದು 2021ರ ಆಗಸ್ಟ್‌ನಲ್ಲಿ, ಅಂದರೆ ವಿಮಾನದ ಒಪ್ಪಂದವಾಗಿ ಆರು ತಿಂಗಳಾದ ಮೇಲೆ. ಗಡಿಯಾರ ಫೆಬ್ರವರಿಯಲ್ಲೇ ಓಡತೊಡಗಿತ್ತು. 2024ರ ಮಾರ್ಚ್‌ನಲ್ಲಿ ವಿಮಾನ ಕೈಸೇರಬೇಕಾದರೆ ಎಂಜಿನ್ ಕೂರಿಸುವುದು, ನೆಲದ ಓಟ, ಪರೀಕ್ಷಾ ಹಾರಾಟಗಳು, ವಾಯುಪಡೆಯ ಸ್ವೀಕಾರ ಪರೀಕ್ಷೆ ಎಲ್ಲಕ್ಕೂ ಕನಿಷ್ಠ ಆರೇಳು ತಿಂಗಳು ಬಿಡಬೇಕು ಎಂದು ಹಿಡಿದೆ. ಅಂದರೆ 2023ರ ಆಗಸ್ಟ್ ಒಳಗೆ ಮೊದಲ ಎಂಜಿನ್ ಬೆಂಗಳೂರಿನಲ್ಲಿರಬೇಕು. ಆಗಸ್ಟ್ ಕಳೆಯಿತು. ಎಂಜಿನ್ ಬಂದ ಸುದ್ದಿ ಯಾವ ಕಾಗದದಲ್ಲೂ ಇಲ್ಲ. ಒಂದು ಹಿಡಿಕೆಯಷ್ಟು ದೊಡ್ಡ ಭಾಗ ಹಸ್ತಾಂತರವಾದರೂ ಸಮಾರಂಭ ಮಾಡುವ ನಮ್ಮಲ್ಲಿ ಎಂಜಿನ್ ಬಂದರೆ ಸುಮ್ಮನಿರುತ್ತಾರೆಯೇ?

ಇನ್ನೊಂದು ವರ್ಷ ಸೇರಿಸಿದ್ದು ಯಾಕೆ ಎಂದು ಗೆಳೆಯರು ಕೇಳಿದರು. ಐಎನ್20 ನಮ್ಮ ವಿಮಾನಕ್ಕೆಂದೇ ಮಾಡಿದ ಮಾದರಿ. ಈ ಒಪ್ಪಂದಕ್ಕೂ ಹಿಂದಿನ ಹಳೆಯ 40 ತೇಜಸ್‌ಗಳಿಗೆ ಬೇಕಾದಷ್ಟನ್ನು ಕೊಟ್ಟು ಮುಗಿಸಿದ ಮೇಲೆ ಆ ತಯಾರಿಕಾ ಸಾಲನ್ನು ಸುಮ್ಮನೆ ಬಿಸಿಯಾಗಿಟ್ಟುಕೊಂಡು ಯಾರು ಕೂರುತ್ತಾರೆ? ತಣ್ಣಗಾದ ಒಲೆಯನ್ನು ಮತ್ತೆ ಹೊತ್ತಿಸಲು ಎಷ್ಟು ದಿನ ಬೇಕು ಎಂಬುದು ನನ್ನ ಸೇವೆಯ ಅನುಭವದಿಂದ ಬಂದ ಅಂದಾಜು. 2025ರ ಮಾರ್ಚ್ ಕೊನೆಯಲ್ಲಿ ಮೊದಲ ಎಂಜಿನ್ ಬಂದಾಗ, ಐದು ವರ್ಷ ನಿಂತಿದ್ದ ಸಾಲನ್ನು ಮತ್ತೆ ಆರಂಭಿಸಬೇಕಾಯಿತು ಎಂದು ಆ ಕಂಪನಿಯೇ ಹೇಳಿತು. ಆ ಸಾಲನ್ನು ಓದಿ, ಮನೆಯವರನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ.

ಲಕೋಟೆ ಅಂಟಿಸುವ ಮುಂಚೆ ವಿಧಾನವನ್ನು ಹಳೆಯ 40 ವಿಮಾನಗಳ ಮೇಲೆ ಓಡಿಸಿ ನೋಡಿದ್ದೆ. 2006ರಲ್ಲಿ 20, 2010ರಲ್ಲಿ ಇನ್ನು 20 ವಿಮಾನಗಳಿಗೆ ಒಪ್ಪಂದ. ಅಲ್ಲಿ ಎಲ್ಲವನ್ನೂ ತಡೆದಿಟ್ಟ ಗಂಟು ಎಂಜಿನ್ ಆಗಿರಲಿಲ್ಲ, ಹಾರಾಟದ ಅನುಮತಿಯೇ ಗಂಟು. ಪ್ರಾಥಮಿಕ ಅನುಮತಿ ಪೂರ್ತಿಯಾಗಿ ಸಿಕ್ಕಿದ್ದು 2013ರ ಡಿಸೆಂಬರ್‌ನಲ್ಲಿ. 2015ರ ಸಿಎಜಿ ವರದಿ 53 ಕೊರತೆಗಳನ್ನು ಪಟ್ಟಿ ಮಾಡಿತು, ವರ್ಷಕ್ಕೆ ಎಂಟು ವಿಮಾನ ಮಾಡಬೇಕಾದ ಸಾಲು ನಾಲ್ಕಕ್ಕೆ ಮಾತ್ರ ಸಜ್ಜಾಗಿದೆ ಎಂದಿತು. ಮೊದಲ ಸ್ಕ್ವಾಡ್ರನ್ ಎರಡು ವಿಮಾನಗಳೊಂದಿಗೆ ಬೆಂಗಳೂರಿನಲ್ಲಿ ರೂಪುಗೊಂಡದ್ದು 2016ರ ಜುಲೈ 1ರಂದು. ನನ್ನ ಎಣಿಕೆ 2016ರ ಆರಂಭ ಎಂದು ತೋರಿಸಿತ್ತು, ಆರು ತಿಂಗಳ ತಪ್ಪು. ಅಷ್ಟಕ್ಕೇ ಧೈರ್ಯ ಬಂತು.

ಅತ್ಯಂತ ಕಷ್ಟದ ದಿನ 2024ರ ಮಾರ್ಚ್ 28. ಆರ್ಥಿಕ ವರ್ಷ ಮುಗಿಯಲು ಮೂರು ದಿನವಿರುವಾಗ ಎಲ್‌ಎ5033 ಸಂಖ್ಯೆಯ ಮೊದಲ ಮಾರ್ಕ್ 1ಎ ಬೆಂಗಳೂರಿನ ಆಕಾಶದಲ್ಲಿ 18 ನಿಮಿಷ ಹಾರಿತು. ಮಧ್ಯಾಹ್ನದಿಂದ ದೂರವಾಣಿ ನಿಲ್ಲಲಿಲ್ಲ. "ನಿಮ್ಮ ಎಣಿಕೆ ಸುಳ್ಳಾಯಿತಲ್ಲ" ಎಂದು ಮೂವರೂ ಹೇಳಿದರು. ಹಾರಿದ್ದು ನನಗೂ ಹೆಮ್ಮೆಯೇ, ಕಣ್ಣು ತುಂಬಿ ಬಂದದ್ದು ನಿಜ. ಆದರೆ ಹೊಸ ಆದೇಶದ ಎಂಜಿನ್ ಒಂದೂ ಆಗ ಬಂದಿರಲಿಲ್ಲ. ಮೊದಲ ಹಾರಾಟ ಬೇರೆ, ಹಸ್ತಾಂತರ ಬೇರೆ. ಲಕೋಟೆ ಒಡೆಯಬೇಡಿ, ಇನ್ನೂ ಒಂದು ವರ್ಷ ಇರಲಿ ಎಂದೆ. ಆ ಒಂದು ವರ್ಷ ನಾನು ಆ ಹೋಟೆಲಿನ ಕೂಟಕ್ಕೆ ಹೋದಾಗಲೆಲ್ಲ ಈ ವಿಷಯವೇ ಎದ್ದು, ಎಷ್ಟೋ ಸಲ ಕಾಫಿ ಆರಿಹೋಗುತ್ತಿತ್ತು.

ಗೆಲ್ಲುವುದಕ್ಕಾಗಿ ನಾನು ಇದನ್ನು ಮಾಡಲಿಲ್ಲ ಎಂಬುದನ್ನೂ ಹೇಳಬೇಕು. 2023ರ ಮೇ ತಿಂಗಳಲ್ಲಿ ರಾಜಸ್ಥಾನದ ಹನುಮಾನ್‌ಗಢದಲ್ಲಿ ಮಿಗ್-21 ಒಂದು ಮನೆಯ ಮೇಲೆ ಬಿದ್ದು ಮೂವರು ಹೆಂಗಸರು ಸತ್ತರು. ತೇಜಸ್ ಯೋಜನೆಗೆ 1983ರಲ್ಲಿ ಮಂಜೂರಾತಿ ಕೊಟ್ಟದ್ದೇ ಮಿಗ್-21ರ ಜಾಗಕ್ಕೆ. ಹೊಸದು ತಡವಾದಷ್ಟು ದಿನ ಹಳೆಯದು ಹಾರುತ್ತದೆ, ಅದರಲ್ಲಿ ಯಾರದೋ ಮಗ ಕೂರುತ್ತಾನೆ, ಅದರ ಕೆಳಗೆ ಯಾರದೋ ಮನೆ ಇರುತ್ತದೆ. ಆ ರಾತ್ರಿ ನೋಟ್‌ಬುಕ್ಕಿನ ದಿನಾಂಕಗಳ ಅಂಕಣವನ್ನು ನೋಡುತ್ತ ಕೂತಿದ್ದೆ. ತಡವಾದ ಒಂದೊಂದು ತಿಂಗಳೂ ಬರೀ ಅಂಕಿಯಾಗಿ ಉಳಿಯಲಿಲ್ಲ.

ನನ್ನ ಎಣಿಕೆ ಎಲ್ಲದರಲ್ಲೂ ಸರಿಯಾಗಲಿಲ್ಲ. ಎಂಜಿನ್ ಬರುವ ಹೊತ್ತಿಗೆ ರೆಕ್ಕೆ, ಒಡಲುಗಳೂ ಹಿಂದೆ ಬಿದ್ದಿರುತ್ತವೆ, ದೋಷ ಹಂಚಿಹೋಗುತ್ತದೆ ಎಂದು ಎರಡನೇ ಚೀಟಿಯಲ್ಲಿ ಬರೆದಿದ್ದೆ. ಹಾಗಾಗಲಿಲ್ಲ. 2025ರಲ್ಲಿ ಬೆಂಗಳೂರಿನ ಖಾಸಗಿ ಕಂಪನಿ ಹಿಂಭಾಗದ ಒಡಲನ್ನು, ಹೈದರಾಬಾದಿನದು ನಡುವಿನ ಒಡಲನ್ನು, ಕೊಯಮತ್ತೂರಿನದು ರೆಕ್ಕೆಗಳನ್ನು ಒಪ್ಪಿಸಿದವು. ನಾಸಿಕ್‌ನ ಸಾಲಿನಿಂದ ಅಕ್ಟೋಬರ್ 17ರಂದು ವಿಮಾನ ಹಾರಿತು. ನಮ್ಮ ಕೈಗಳು ನಾನೆಣಿಸಿದ್ದಕ್ಕಿಂತ ಚುರುಕಾಗಿದ್ದವು. ಆ ಚೀಟಿಯನ್ನು ನಾನೇ ಗೆಳೆಯರ ಮುಂದೆ ಓದಿ, ತಪ್ಪೆಂದು ಒಪ್ಪಿಕೊಂಡೆ.

ನಡುವೆ ಪಕ್ಕದ ದಾರಿಗಳಿಗೂ ಹೋದೆ. ವಿದೇಶಿ ಮಾರಾಟಗಾರರು ಮೊತ್ತದ ಒಂದು ಪಾಲನ್ನು ಇಲ್ಲಿಯೇ ತೊಡಗಿಸಬೇಕೆನ್ನುವ ಆಫ್‌ಸೆಟ್ ಒಪ್ಪಂದಗಳಿಗೆ ಈ ವಿಧಾನ ಹಚ್ಚಲು ಹೋಗಿ ಮೂರು ತಿಂಗಳು ಕಳೆದೆ. 2020ರ ಸಿಎಜಿ ವರದಿಯ ಅಂಕಿಗಳು ಚೆನ್ನಾಗಿಯೇ ಇದ್ದವು: 2018ರ ಡಿಸೆಂಬರ್ ಒಳಗೆ 19,000 ಕೋಟಿ ಚಿಲ್ಲರೆ ಪೂರೈಸಬೇಕಿತ್ತು, ಪೂರೈಸಿದ್ದೇವೆ ಎಂದು ಮಾರಾಟಗಾರರು ಹೇಳಿಕೊಂಡದ್ದು ಅದರ ಶೇ 59, ಅದರಲ್ಲಿ ಸಚಿವಾಲಯ ಒಪ್ಪಿದ್ದು ಅರ್ಧಕ್ಕಿಂತ ಕಡಿಮೆ. ಆದರೆ ಅಲ್ಲಿ ಎಲ್ಲವನ್ನೂ ಹಿಡಿದಿಟ್ಟ ಒಂದೇ ಗಂಟು ಇಲ್ಲ, ನೂರು ಸಣ್ಣ ಗಂಟುಗಳಿವೆ. ನನ್ನ ವಿಧಾನ ಅಲ್ಲಿ ನಿಲ್ಲುವುದಿಲ್ಲ. ಎಚ್‌ಟಿಟಿ-40 ತರಬೇತಿ ವಿಮಾನಕ್ಕೆ ಹಚ್ಚಿದಾಗ ಮಾತ್ರ ಕೀಲಿ ಬೀಗಕ್ಕೆ ಕೂತಂತೆ ಕೂತಿತು. 2023ರ ಮಾರ್ಚ್‌ನಲ್ಲಿ 70 ವಿಮಾನಗಳಿಗೆ 6,800 ಕೋಟಿ ಚಿಲ್ಲರೆಯ ಒಪ್ಪಂದ. ಅದಕ್ಕೂ ಹನಿವೆಲ್‌ನ ಹೊರದೇಶದ ಎಂಜಿನ್‌ಗಳು, 88. ಆ ನೋಟ್‌ಬುಕ್ ಬೇರೆ ಇದೆ.

ಮೇಲ್ವಿಚಾರಣೆಯ ಬಗ್ಗೆ ನನಗನ್ನಿಸಿದ್ದನ್ನು ಬಿಡಿಸಿ ಹೇಳುತ್ತೇನೆ. ಸಿಎಜಿ ವರದಿ ಒಳ್ಳೆಯದು, ಆದರೆ 2006ರ ಒಪ್ಪಂದಕ್ಕೆ 2015ರಲ್ಲಿ ಬಂತು. ವಿಳಂಬ ದಂಡ ಒಳ್ಳೆಯದು, ಆದರೆ ಎಚ್‌ಎಎಲ್‌ನ ಶೇ 72ರಷ್ಟು ಪಾಲು ಸರ್ಕಾರದ್ದೇ ಆದ್ದರಿಂದ ದಂಡ ಎಡಗಿಸೆಯಿಂದ ಬಲಗಿಸೆಗೆ ಹೋಗುತ್ತದೆ, ಆ ದುಡ್ಡಿನಿಂದ ಸ್ಕ್ವಾಡ್ರನ್ನಿಗೆ ಒಂದು ವಿಮಾನವೂ ಬರುವುದಿಲ್ಲ. 2025ರ ಏರೋ ಇಂಡಿಯಾದಲ್ಲಿ ವಾಯುಪಡೆಯ ಮುಖ್ಯಸ್ಥರೇ ತಯಾರಕರ ಮೇಲೆ ವಿಶ್ವಾಸವಿಲ್ಲ ಎಂಬರ್ಥದಲ್ಲಿ ಮಾತಾಡಿದ್ದು ಎಲ್ಲರೂ ಕೇಳಿದ್ದಾರೆ. ಆ ಮಾತು 2021ರ ಆಗಸ್ಟ್‌ನಲ್ಲಿ, ಎಂಜಿನ್ ಆದೇಶಕ್ಕೆ ಸಹಿ ಬಿದ್ದ ದಿನ ಸ್ಥಾಯಿ ಸಮಿತಿಯ ಮೇಜಿನ ಮೇಲೆ ಒಂದು ಪ್ರಶ್ನೆಯಾಗಿ ಬರಬೇಕಿತ್ತು: ಮೊದಲ ಎಂಜಿನ್ ಯಾವ ತಿಂಗಳು, ಹತ್ತನೆಯದು ಯಾವ ತಿಂಗಳು? ಅಷ್ಟು ಸಣ್ಣ ಪ್ರಶ್ನೆಗೆ ಎಂಟನೇ ಕಲಮಿನ ಮರೆಯೂ ಬೇಕಾಗಿರಲಿಲ್ಲ. ಸದಸ್ಯರ ಕಚೇರಿಗಳಲ್ಲಿ ಕೆಲಸ ಮಾಡುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಪ್ರಶ್ನೆಯನ್ನು ಹೀಗೆ ಬರೆದುಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ 65,000ದ ಹತ್ತಿರ. ಅದರಲ್ಲಿ ಉಪಯೋಗಕ್ಕೆ ಬಂದದ್ದು ನೋಟ್‌ಬುಕ್, ಮುದ್ರಣ, ಒಂದು ಅರ್ಜಿ ಸೇರಿ ಎರಡು ಸಾವಿರವೂ ಆಗಲಿಕ್ಕಿಲ್ಲ.

2025ರ ಸೆಪ್ಟೆಂಬರ್ 25ರಂದು ಇನ್ನೂ 97 ಮಾರ್ಕ್ 1ಎಗಳಿಗೆ 62,370 ಕೋಟಿಯ ಒಪ್ಪಂದವಾಯಿತು. ಮರುದಿನವೇ ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ. ಆಗ ಹಳೆಯ 83ರಲ್ಲಿ ಒಂದೂ ವಾಯುಪಡೆಗೆ ಹಸ್ತಾಂತರವಾಗಿರಲಿಲ್ಲ. ನಾನು ಹೊಸ ನೋಟ್‌ಬುಕ್ ತಂದೆ. ನವೆಂಬರ್ ಆರಂಭದಲ್ಲಿ 113 ಎಂಜಿನ್‌ಗಳ ಆದೇಶಕ್ಕೆ ಸಹಿಯಾದ ಸುದ್ದಿ ಬಂದಾಗ ಅಂತರ ಎಣಿಸಿದೆ. ಹಿಂದೆ ಆರು ತಿಂಗಳಿದ್ದದ್ದು ಈ ಸಲ ಆರು ವಾರಕ್ಕೆ ಇಳಿದಿದೆ. ಮನಸ್ಸಿಗೆ ತುಂಬ ಸಮಾಧಾನವಾಯಿತು. ಒಪ್ಪಂದದ ಪ್ರಕಾರ ಮೊದಲ ವಿಮಾನ ಬರಬೇಕಾದದ್ದು 2027-28ರಲ್ಲಿ. ಹಿಮ್ಮುಖ ಎಣಿಕೆ ಮಾಡಿ, ತಿಂಗಳು ಬರೆದು ಲಕೋಟೆ ಅಂಟಿಸಿದ್ದೇನೆ. ಈ ಸಲ ಅದರ ಮೇಲೆ ಮೂವರೂ ಗೆಳೆಯರ ಸಹಿ ಇದೆ, ಬೀರುವೂ ಅದೇ ಗೆಳೆಯನದು.